ಮಂಡಿಯ ಕೀಲು ಎಷ್ಟು ವರ್ಷ ಬರುತ್ತದೆಂದು ಡಾಕ್ಟರಿಗೆ ಹೇಗೆ ಗೊತ್ತು?

ಪ್ರಶ್ನೆ: ಕಳೆದ ವರ್ಷ ನನ್ನ ತಾಯಿಯವರಿಗೆ (71 ವರ್ಷ) ಎರಡೂ ಮಂಡಿಗಳ ಆಪರೇಷನ್ ಆಗಿ ಕೃತಕ ಕೀಲು ಹಾಕಿದ್ದಾರೆ. "ಹದಿನೈದು-ಇಪ್ಪತ್ತು ವರ್ಷಕ್ಕೆ ಚಿಂತೆಯಿಲ್ಲ" ಎಂದರು ಡಾಕ್ಟರು. ಇತ್ತೀಚೆಗೆ ಇಂಗ್ಲೆಂಡಿನಲ್ಲಿರುವ ನನ್ನ ನಾದಿನಿಗೆ ಸೊಂಟದ ಕೀಲು ಬದಲಾಯಿಸುವ ಮೊದಲು, ಆಕೆಯ ವಿವರಗಳನ್ನು ರಾಷ್ಟ್ರೀಯ ಕೀಲು ರಿಜಿಸ್ಟ್ರಿಗೆ ಸೇರಿಸಲು ಒಪ್ಪಿಗೆ ಕೇಳಿದರಂತೆ. ಆಸ್ಪತ್ರೆಯಲ್ಲಿ ಫೈಲು ಇದ್ದೇ ಇರುವಾಗ ಇನ್ನೊಂದು ದಾಖಲೆ ಯಾಕೆ? ನಮ್ಮಲ್ಲಿ ಅಂಥದ್ದು ಇದೆಯೇ? ಇಲ್ಲದಿದ್ದರೆ ನಮ್ಮ ಡಾಕ್ಟರು ಹೇಳಿದ ಹದಿನೈದು-ಇಪ್ಪತ್ತು ವರ್ಷ ಎಲ್ಲಿಂದ ಬಂತು?
— ಓದುಗರೊಬ್ಬರು, ತಿಪಟೂರು

ಉತ್ತರ: ಒಂದೇ ಪತ್ರದಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ. ಆಪರೇಷನ್ ಸುಸೂತ್ರವಾಗಿ ಮುಗಿದ ಮೇಲೂ "ಅವರಿಗೆ ಅದು ಹೇಗೆ ಗೊತ್ತು" ಎಂದು ಯೋಚಿಸುವವರು ಕಡಿಮೆ, ಕೇಳಿದ್ದು ಸಂತೋಷ. ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ. ಉಳಿದೆರಡರ ಉತ್ತರ ಅದರೊಳಗೇ ಇದೆ.

ಒಬ್ಬ ಸರ್ಜನ್ ತಮ್ಮ ವೃತ್ತಿಯಲ್ಲಿ ಸಾವಿರಾರು ಮಂಡಿಗಳ ಆಪರೇಷನ್ ಮಾಡಿರಬಹುದು. ಅವುಗಳಲ್ಲಿ ಎಷ್ಟು ಸಡಿಲವಾದವು, ಎಷ್ಟಕ್ಕೆ ಸೋಂಕು ತಗುಲಿತು, ಎಷ್ಟನ್ನು ತೆಗೆದು ಬೇರೆ ಹಾಕಬೇಕಾಯಿತು? ತೊಂದರೆಯಾಗಿ ತಮ್ಮ ಬಳಿಗೇ ಮರಳಿದವರ ಲೆಕ್ಕ ಅವರಿಗೆ ಗೊತ್ತಿರುತ್ತದೆ. ಮರಳದವರ ಕತೆ? ಕೆಲವರು ಚೆನ್ನಾಗಿದ್ದಾರೆ, ಕೆಲವರು ವಯಸ್ಸಾಗಿ ತೀರಿಕೊಂಡಿದ್ದಾರೆ. ಇನ್ನು ಕೆಲವರು ಮಗನ ಜೊತೆ ಪುಣೆಗೋ ಹೈದರಾಬಾದಿಗೋ ಹೋಗಿ, ಅಲ್ಲಿ ಬೇರೆ ಡಾಕ್ಟರ ಕೈಯಲ್ಲಿ ಎರಡನೇ ಆಪರೇಷನ್ ಮಾಡಿಸಿಕೊಂಡಿದ್ದಾರೆ. ನೋವು ನುಂಗಿಕೊಂಡು ಮನೆಯಲ್ಲೇ ಕೂತವರೂ ಉಂಟು. ಹೋಟೆಲಿನವನಿಗೆ ಮರಳಿ ಬಂದ ಗಿರಾಕಿ ಮಾತ್ರ ಕಾಣುತ್ತಾನೆ, ಊಟ ಸೇರದೆ ಪಕ್ಕದ ಹೋಟೆಲಿಗೆ ಹೋದವನು ಕಾಣುವುದಿಲ್ಲ. ಸರ್ಜನ್ ಎಷ್ಟೇ ಪ್ರಾಮಾಣಿಕರಾಗಿದ್ದರೂ, ಆಸ್ಪತ್ರೆ ಎಷ್ಟೇ ಅಚ್ಚುಕಟ್ಟಾಗಿ ಫೈಲು ಇಟ್ಟಿದ್ದರೂ ಈ ಕೊರತೆ ತಪ್ಪಿದ್ದಲ್ಲ.

ರಿಜಿಸ್ಟ್ರಿ ಹುಟ್ಟಿದ್ದು ಈ ಕೊರತೆ ತುಂಬಲಿಕ್ಕೆ. ಒಂದು ದೇಶದಲ್ಲಿ ಎಲ್ಲೇ, ಯಾರೇ ಕೃತಕ ಕೀಲು ಹಾಕಿದರೂ ಅದರ ವಿವರ ಒಂದೇ ಕಡೆ ಸೇರಬೇಕು. ಅದೇ ಕೀಲನ್ನು ಮುಂದೆ ಎಲ್ಲೇ, ಯಾರೇ ತೆಗೆದರೂ ಆ ವಿವರವೂ ಅಲ್ಲಿಗೇ ಬಂದು ಮೊದಲಿನ ದಾಖಲೆಗೆ ಜೋಡಣೆಯಾಗಬೇಕು. ವ್ಯವಸ್ಥೆ ಇಷ್ಟೇ. ಎರಡನೇ ಆಪರೇಷನ್ನಿಗೆ ಈ ಕ್ಷೇತ್ರದವರು 'ರಿವಿಷನ್' ಎನ್ನುತ್ತಾರೆ: ಹಾಕಿದ ಕೀಲಿನ ಯಾವುದೇ ಭಾಗವನ್ನು ತೆಗೆದರೂ, ಬದಲಾಯಿಸಿದರೂ, ಹೊಸದಾಗಿ ಸೇರಿಸಿದರೂ ಅದು ರಿವಿಷನ್.

ಏನೇನು ಬರೆದುಕೊಳ್ಳುತ್ತಾರೆ? ರೋಗಿಯ ಗುರುತು, ವಯಸ್ಸು, ತೂಕ, ಕೀಲು ಹಾಳಾದ ಕಾರಣ, ಎಡವೋ ಬಲವೋ, ಆಸ್ಪತ್ರೆ, ಸರ್ಜನ್, ಸಿಮೆಂಟು ಬಳಸಿದರೇ ಇಲ್ಲವೇ, ಬಳಸಿದ್ದರೆ ಯಾವುದು. ಎಲ್ಲಕ್ಕಿಂತ ಮುಖ್ಯವಾದದ್ದು ಒಳಗೆ ಕೂತ ವಸ್ತುವಿನ ಗುರುತು. ಕೀಲಿನ ಭಾಗಗಳು ಬರುವ ಪೆಟ್ಟಿಗೆಯೊಳಗೆ ಒಂದೇ ಬಗೆಯ ಹಲವು ಸ್ಟಿಕ್ಕರ್‌ಗಳಿರುತ್ತವೆ. ಅವುಗಳಲ್ಲಿ ಕಂಪನಿಯ ಹೆಸರು, 'ರೆಫ್' ಎಂಬ ಅಕ್ಷರಗಳ ಮುಂದೆ ಮಾದರಿಯ ಸಂಖ್ಯೆ, 'ಲಾಟ್' ಎಂಬುದರ ಮುಂದೆ ಕಾರ್ಖಾನೆಯಲ್ಲಿ ಅದು ತಯಾರಾದ ಕಂತಿನ ಸಂಖ್ಯೆ, ಅಳತೆ, ಬಾರ್‌ಕೋಡ್ ಇರುತ್ತವೆ. ಮಂಡಿಯೊಂದಕ್ಕೆ ತೊಡೆಮೂಳೆಯ ತುದಿಗೆ ಲೋಹದ ಕವಚ, ಕೆಳಗಿನ ಮೂಳೆಯ ತಲೆಗೆ ಲೋಹದ ತಟ್ಟೆ, ಇವೆರಡರ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ತುಂಡು. ಕೆಲವರಿಗೆ ಚಿಪ್ಪಿನ ಹಿಂಬದಿಗೂ ಒಂದು ಪ್ಲಾಸ್ಟಿಕ್ ಭಾಗ. ಹಾಗಾಗಿ ಒಂದೊಂದು ಮಂಡಿಗೆ ಮೂರೋ ನಾಲ್ಕೋ ಬೇರೆ ಬೇರೆ ಸ್ಟಿಕ್ಕರ್. ನಮ್ಮಲ್ಲಿಯೂ ಇವನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ, ವಿಮೆಯ ಕ್ಲೇಮಿಗೆ ಬಿಲ್ಲಿನ ಜೊತೆ ಲಗತ್ತಿಸುತ್ತಾರೆ. ದುಡ್ಡು ಮಂಜೂರಾದ ಮೇಲೆ ಅವನ್ನು ಕೇಳುವವರಿಲ್ಲ ಎಂಬುದು ಬೇರೆ ಮಾತು.

ಎಡ-ಬಲ ಸಣ್ಣ ವಿವರದಂತೆ ಕಾಣಬಹುದು. ನಿಮ್ಮ ತಾಯಿಯವರಂತೆ ಎರಡೂ ಮಂಡಿ ಮಾಡಿಸಿಕೊಂಡವರಲ್ಲಿ ಒಂದು ಕೀಲು ಮುಂದೆ ಕೆಟ್ಟರೆ, ಯಾವ ಕಡೆಯದೆಂದು ಬರೆಯದಿದ್ದಲ್ಲಿ ಕೆಟ್ಟದ್ದು ಯಾವ ಇಂಪ್ಲಾಂಟ್ ಎಂದೇ ತಿಳಿಯದೆ ಲೆಕ್ಕ ಕೆಡುತ್ತದೆ.

ಇಂಥ ರಿಜಿಸ್ಟ್ರಿಯನ್ನು ದೇಶದ ಮಟ್ಟದಲ್ಲಿ ಮೊದಲು ಮಾಡಿದ್ದು ಸ್ವೀಡನ್, 1975ರಲ್ಲಿ, ಮಂಡಿಯ ಕೀಲುಗಳಿಗೆ. ಸೊಂಟದ ಕೀಲುಗಳಿಗೆ 1979ರಲ್ಲಿ ಇನ್ನೊಂದು ರಿಜಿಸ್ಟರ್ ಬಂತು. ಅಲ್ಲಿ ಪ್ರತಿಯೊಬ್ಬ ನಾಗರಿಕನಿಗೂ 1947ರಿಂದಲೇ ಒಂದು ವೈಯಕ್ತಿಕ ಸಂಖ್ಯೆ ಇತ್ತು, ಸತ್ತವರ ಮಾಹಿತಿಯೂ ಅದೇ ಸಂಖ್ಯೆಯಡಿ ಸಿಗುತ್ತಿತ್ತು. ಮೊದಲ ಆಪರೇಷನ್ ಮಾಲ್ಮೊದಲ್ಲಿ ಆಗಿ ಎರಡನೆಯದು ಸ್ಟಾಕ್‌ಹೋಮಿನಲ್ಲಿ ಆದರೂ ಎರಡೂ ಒಬ್ಬರದೇ ಎಂದು ಸುಲಭವಾಗಿ ತಿಳಿಯುತ್ತಿತ್ತು. ಸ್ವೀಡನ್ನಿನ ಹೆಚ್ಚುಗಾರಿಕೆಗೆ ಅಲ್ಲಿನ ಸರ್ಜನರ ಶ್ರದ್ಧೆ ಎಷ್ಟು ಕಾರಣವೋ ಈ ಸಂಖ್ಯೆಯೂ ಅಷ್ಟೇ ಕಾರಣ ಎಂದು ನನ್ನ ಅಭಿಪ್ರಾಯ. ಆಮೇಲೆ ಫಿನ್ಲೆಂಡ್, ನಾರ್ವೆ, ಡೆನ್ಮಾರ್ಕ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳು ಇದೇ ದಾರಿ ಹಿಡಿದವು.

ಇನ್ನು ನಿಮ್ಮ ನಾದಿನಿಯವರ ಇಂಗ್ಲೆಂಡ್. ಇಂದಿನ ಸೊಂಟದ ಕೀಲಿನ ಆಪರೇಷನ್ನಿಗೆ ರೂಪ ಕೊಟ್ಟ ಜಾನ್ ಚಾರ್ನ್ಲಿ ಅಲ್ಲಿಯವರೇ. ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಅವರು ಮೊದಲು ಟೆಫ್ಲಾನಿನ ಬಟ್ಟಲು ಹಾಕಿದ ಕೀಲುಗಳು ಕೆಲವೇ ವರ್ಷಗಳಲ್ಲಿ ಸವೆದುಹೋದವು. 1962ರಲ್ಲಿ ಅವರು ಬೇರೆ ಪ್ಲಾಸ್ಟಿಕ್ಕಿಗೆ, ಪಾಲಿಥೀನಿನ ಒಂದು ಗಟ್ಟಿ ಬಗೆಗೆ ಬದಲಾದರು. ಇವತ್ತಿಗೂ ಬಳಕೆಯಲ್ಲಿರುವುದು ಅದರ ಸುಧಾರಿತ ರೂಪಗಳೇ. ದೇಶಕ್ಕೆಲ್ಲ ಒಂದು ಕೇಂದ್ರ ರಿಜಿಸ್ಟರ್ ಬೇಕೆಂದು ಚಾರ್ನ್ಲಿ 1972ರಲ್ಲಿಯೇ ಬರೆದರು. ಅದು ಬಂದದ್ದು 2003ರಲ್ಲಿ, ಅದೂ ಒಂದು ಪೆಟ್ಟು ತಿಂದ ಮೇಲೆ. 3ಎಂ ಕ್ಯಾಪಿಟಲ್ ಎಂಬ ಸೊಂಟದ ಕೀಲನ್ನು 1991ರಿಂದ 1997ರವರೆಗೆ ಬ್ರಿಟನ್ನಿನಲ್ಲಿ ಸುಮಾರು 4,700 ಮಂದಿಗೆ ಹಾಕಿದ್ದರು. ಅದು ಬೇಗ ಸಡಿಲವಾಗುತ್ತದೆಂದು 1998ರಲ್ಲಿ ಎಚ್ಚರಿಕೆ ಹೊರಟಾಗ, ಹಾಕಿಸಿಕೊಂಡವರು ಯಾರು, ಎಲ್ಲಿದ್ದಾರೆ ಎಂಬ ಪಟ್ಟಿ ಒಂದು ಕಡೆ ಇರಲಿಲ್ಲ. ಆಸ್ಪತ್ರೆ ಆಸ್ಪತ್ರೆಗಳಲ್ಲಿ ಹಳೆಯ ಫೈಲು ಕೆದಕಬೇಕಾಯಿತು.

ನಾದಿನಿಯವರ ಒಪ್ಪಿಗೆ ಕೇಳಿದ್ದು ಹೆಸರು, ಜನ್ಮದಿನಾಂಕದಂಥ ವೈಯಕ್ತಿಕ ಗುರುತುಗಳಿಗಾಗಿ. ಅವರು ಬೇಡವೆಂದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಾಗದು. ಆದರೆ ಗುರುತಿಲ್ಲದ ದಾಖಲೆಯನ್ನು ಮುಂದಿನ ಆಪರೇಷನ್ನಿನೊಂದಿಗೆ ಜೋಡಿಸಲಾಗದು, ಅಲ್ಲಿಗೆ ಅದರ ಉಪಯೋಗ ಬಹುಪಾಲು ಮುಗಿಯಿತು. ನನ್ನನ್ನು ಕೇಳಿದರೆ ಸಹಿ ಹಾಕುವುದೇ ಒಳ್ಳೆಯದು.

ರಿಜಿಸ್ಟ್ರಿಯಿಂದ ಆಗುವುದೇನೆಂದು ತಿಳಿಯಲು ನಾರ್ವೆಯ ಒಂದು ಪ್ರಸಂಗ ನೋಡಿ. ಅಲ್ಲಿನ ರಿಜಿಸ್ಟರ್ 1987ರಲ್ಲಿ ಶುರುವಾಯಿತು. 1990ರ ದಶಕದ ಮೊದಲಿಗೆ ಬೋನ್‌ಲಾಕ್ ಎಂಬ ಹೊಸ ಸಿಮೆಂಟು ಮಾರುಕಟ್ಟೆಗೆ ಬಂತು. ಕೀಲನ್ನು ಮೂಳೆಗೆ ಹಿಡಿಸುವ ಸಿಮೆಂಟು ಗಟ್ಟಿಯಾಗುವಾಗ ಬಿಸಿಯೇಳುತ್ತದೆ, ಇದು ಅಷ್ಟು ಬಿಸಿಯೇಳುವುದಿಲ್ಲ ಎಂಬುದು ಅದರ ಹೊಗಳಿಕೆ. ಕಾಗದದ ಮೇಲೆ ಒಳ್ಳೆಯ ಸುಧಾರಣೆಯೇ. ಆದರೆ ಮೂರು-ನಾಲ್ಕು ವರ್ಷದೊಳಗೆ ರಿಜಿಸ್ಟರಿನಲ್ಲಿ ಬೇರೆಯೇ ಚಿತ್ರ ಮೂಡಿತು: ಅದೇ ಮಾದರಿಯ ಕೀಲು, ಆದರೆ ಬೋನ್‌ಲಾಕಿನಲ್ಲಿ ಕೂರಿಸಿದವು ಉಳಿದವಕ್ಕಿಂತ ಹಲವು ಪಟ್ಟು ಹೆಚ್ಚು ಸಡಿಲವಾಗುತ್ತಿದ್ದವು. 1995ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಒಬ್ಬೊಬ್ಬ ಸರ್ಜನ್ ಕಂಡದ್ದು ತಮ್ಮ ರೋಗಿಗಳಲ್ಲಿ ಒಂದೆರಡು ಕೆಟ್ಟ ಪ್ರಕರಣ ಇದ್ದಿರಬಹುದು. ಅಷ್ಟರಿಂದ ಸಿಮೆಂಟಿನ ಮೇಲೆ ಅನುಮಾನ ಬರುವುದಿಲ್ಲ. "ನನ್ನ ಕೈ ತಪ್ಪಿರಬೇಕು" ಅಥವಾ "ರೋಗಿಯ ಮೂಳೆ ಮೆತ್ತಗಿತ್ತು" ಎನಿಸುತ್ತದೆ, ಅಷ್ಟೇ.

ಎರಡನೆಯ ಪ್ರಸಂಗ ನಮಗೆ ಹತ್ತಿರದ್ದು. ಜಾನ್ಸನ್ ಅಂಡ್ ಜಾನ್ಸನ್ ಬಳಗದ ಡಿಪ್ಯೂ ಕಂಪನಿಯ ಎಎಸ್ಆರ್ ಎಂಬ ಸೊಂಟದ ಕೀಲಿನಲ್ಲಿ ಚೆಂಡು, ಬಟ್ಟಲು ಎರಡೂ ಲೋಹದವು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್ ಮತ್ತು ಕ್ರೋಮಿಯಂ ಕಣಗಳು ಸುತ್ತಲ ಮಾಂಸಕ್ಕೂ ರಕ್ತಕ್ಕೂ ಸೇರುತ್ತಿದ್ದವು. ಆಸ್ಟ್ರೇಲಿಯಾದ ರಿಜಿಸ್ಟ್ರಿ ಇದರ ರಿವಿಷನ್ ಹೆಚ್ಚಿದೆಯೆಂದು ಮೊದಲೇ ಬೆರಳು ತೋರಿತು. 2009ರ ಡಿಸೆಂಬರಿನಲ್ಲಿ ಅಲ್ಲಿ ಅದರ ಮಾರಾಟ ನಿಂತಿತು. ಇಂಗ್ಲೆಂಡಿನ ರಿಜಿಸ್ಟ್ರಿಯಲ್ಲಿ ಐದೇ ವರ್ಷಕ್ಕೆ ಶೇ. 12ರಿಂದ 13ರಷ್ಟು ರಿವಿಷನ್ ಕಂಡಾಗ, 2010ರ ಆಗಸ್ಟಿನಲ್ಲಿ ಕಂಪನಿ ಪ್ರಪಂಚದಾದ್ಯಂತ ಅದನ್ನು ವಾಪಸು ಪಡೆಯಿತು. ಅಷ್ಟರಲ್ಲಿ ಸುಮಾರು 93,000 ಮಂದಿಗೆ ಅದನ್ನು ಹಾಕಿಯಾಗಿತ್ತು.

ಭಾರತದಲ್ಲಿಯೂ ಸುಮಾರು 4,700 ಎಎಸ್ಆರ್ ಆಪರೇಷನ್‌ಗಳಾಗಿದ್ದವು. ಬ್ರಿಟನ್ನಿನ ಕ್ಯಾಪಿಟಲ್ ಕೀಲಿನ ಸಂಖ್ಯೆಯೂ ಹೆಚ್ಚುಕಡಿಮೆ ಇದೇ ಆಗಿದ್ದದ್ದು ಕಾಕತಾಳೀಯ. ಕೇಂದ್ರ ಸರ್ಕಾರ 2017ರಲ್ಲಿ ಡಾ. ಅರುಣ್ ಅಗರ್ವಾಲ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಆ 4,700ರಲ್ಲಿ ಕಂಪನಿಯ ಸಹಾಯವಾಣಿಯ ಮೂಲಕ ಪತ್ತೆಯಾದವರು 1,080 ಮಂದಿಯಷ್ಟೇ. ಉಳಿದ ಮೂರೂವರೆ ಸಾವಿರಕ್ಕೂ ಹೆಚ್ಚು ಜನರ ಸುಳಿವಿರಲಿಲ್ಲ. 2018ರಲ್ಲಿ ಸರ್ಕಾರ 30 ಲಕ್ಷದಿಂದ 1.23 ಕೋಟಿ ರೂಪಾಯಿಯವರೆಗಿನ ಪರಿಹಾರದ ಸೂತ್ರವನ್ನೂ ಒಪ್ಪಿತು. ಆದರೆ ತಮ್ಮ ಸೊಂಟದಲ್ಲಿರುವುದು ಅದೇ ಕೀಲೆಂದು ಗೊತ್ತೇ ಇಲ್ಲದವರು ಪರಿಹಾರ ಕೇಳುವುದು ಹೇಗೆ? ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದು ಅವರಿಗೆ ಹೇಳುವವರಾದರೂ ಯಾರು? ಹಣಕ್ಕಿಂತ ನನಗೆ ಕಸಿವಿಸಿಯಾಗುವುದು ಈ ಎರಡನೆಯದಕ್ಕೆ.

ಹಾಗಾದರೆ ನಮ್ಮಲ್ಲಿ ರಿಜಿಸ್ಟ್ರಿಯೇ ಇಲ್ಲವೇ ಎಂದರೆ, ಇದೆ. ಸೊಂಟ ಮತ್ತು ಮಂಡಿ ಸರ್ಜನರ ಭಾರತೀಯ ಸಂಘ 2006ರಿಂದ ದಾಖಲೆ ಸಂಗ್ರಹಿಸುತ್ತಿದೆ. ಅದರಿಂದ ಕೆಲವು ಒಳ್ಳೆಯ ಮಾಹಿತಿ ಹೊರಬಿದ್ದಿದೆ. ನಮ್ಮಲ್ಲಿ ಸೊಂಟಕ್ಕಿಂತ ಮಂಡಿಯ ಆಪರೇಷನ್ ಹಲವು ಪಟ್ಟು ಹೆಚ್ಚು. ಸೊಂಟದ ಕೀಲು ಬದಲಾಯಿಸಲು ಕಾರಣ ಬಹಳ ಜನರಲ್ಲಿ ಮುಪ್ಪಿನ ಸವೆತವಲ್ಲ, ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಮೂಳೆ ಕುಸಿಯುವುದು. ಆದರೆ ಮಾಹಿತಿ ಕೊಡುವುದು ಸರ್ಜನರ ಇಷ್ಟಕ್ಕೆ ಬಿಟ್ಟದ್ದು. ಎಲ್ಲರೂ ಕೊಡದ ಮೇಲೆ ಶೇಕಡಾವಾರು ಲೆಕ್ಕಕ್ಕೆ ಅರ್ಥ ತೆಳುವಾಗುತ್ತದೆ, ಕೊಡದವರ ಫಲಿತಾಂಶ ಹೇಗಿದೆಯೋ ತಿಳಿಯದು. ಇಂಗ್ಲೆಂಡಿನಲ್ಲಿಯೂ ಸರ್ಕಾರಿ ಆಸ್ಪತ್ರೆಗಳಿಗೆ ಇದನ್ನು ಕಡ್ಡಾಯ ಮಾಡಿದ್ದು 2011ರಲ್ಲಿ. ಕಡ್ಡಾಯವಿಲ್ಲದೆ ಇದು ಪೂರ್ತಿಯಾಗುವುದಿಲ್ಲ ಎಂದೇ ನಾನು ನಂಬಿದ್ದೇನೆ. ಆಪರೇಷನ್ ಮುಗಿಸಿ ಬಳಲಿದ ಸಿಬ್ಬಂದಿಗೆ ಇನ್ನೊಂದು ಫಾರಂ ತುಂಬುವ ಉತ್ಸಾಹ ಎಷ್ಟಿರುತ್ತದೆ?

ಇಲ್ಲಿ ಕೆಲವರು "ವೈದ್ಯಕೀಯ ಸಾಧನಗಳ ದೂರು ದಾಖಲಿಸುವ ಸರ್ಕಾರಿ ಕಾರ್ಯಕ್ರಮ 2015ರಿಂದಲೇ ಇದೆಯಲ್ಲ" ಎನ್ನಬಹುದು. ಹೌದು, ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ, ಬೇಕಾದದ್ದೇ. ಆದರೆ ಅಲ್ಲಿಗೆ ಬರುವುದು ಕೆಟ್ಟ ಪ್ರಕರಣಗಳು ಮಾತ್ರ. ಒಂದು ಮಾದರಿಯ ಮೇಲೆ ಐವತ್ತು ದೂರು ಬಂತೆಂದುಕೊಳ್ಳಿ. ಹಾಕಿದ್ದು ಐನೂರು ಜನಕ್ಕಾದರೆ ಅದು ಅನಾಹುತ; ಐವತ್ತು ಸಾವಿರ ಜನಕ್ಕಾದರೆ ಹೆದರುವಂಥದ್ದೇನಲ್ಲ. ಒಟ್ಟು ಎಷ್ಟು ಹಾಕಿದರು ಎಂಬ ಆ ಎರಡನೆಯ ಅಂಕಿಯನ್ನು ಕೊಡಬಲ್ಲದ್ದು ರಿಜಿಸ್ಟ್ರಿ ಮಾತ್ರ.

ನಮ್ಮಿಂದ ಇದು ಆಗದ ಕೆಲಸವೂ ಅಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ರಿಜಿಸ್ಟ್ರಿ ನಡೆಸುತ್ತಿದೆ. ಅದರ ಸಿಬ್ಬಂದಿ ಆಸ್ಪತ್ರೆಗಳಿಗೂ ಮರಣ ನೋಂದಣಿ ಕಚೇರಿಗಳಿಗೂ ತಾವೇ ಹೋಗಿ ವಿವರ ಬರೆದುಕೊಂಡು ಬಂದವರು. ಕಂಪ್ಯೂಟರು, ಬಾರ್‌ಕೋಡು ಇಲ್ಲದ ದಿನಗಳಲ್ಲಿ ಆದದ್ದು ಅದು.

ಈಗ ಹದಿನೈದು-ಇಪ್ಪತ್ತು ವರ್ಷದ ಮಾತಿಗೆ ಮರಳೋಣ. ನಿಮ್ಮ ಡಾಕ್ಟರು ಹೇಳಿದ್ದಕ್ಕೆ ಆಧಾರವಿದೆ, ಆದರೆ ಅದು ಹೊರದೇಶಗಳ ರಿಜಿಸ್ಟ್ರಿಗಳ ಆಧಾರ. ಆಸ್ಟ್ರೇಲಿಯಾ ಮತ್ತು ಫಿನ್ಲೆಂಡಿನ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಂತೆ, ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ ಶೇ. 93ರಷ್ಟು 15 ವರ್ಷ, ಶೇ. 90ರಷ್ಟು 20 ವರ್ಷ, ಶೇ. 82ರಷ್ಟು 25 ವರ್ಷ ರಿವಿಷನ್ ಇಲ್ಲದೆ ಉಳಿಯುತ್ತವೆ. ಸೊಂಟದ ಕೀಲುಗಳು 25 ವರ್ಷ ಉಳಿಯುವುದು ಶೇ. 58. ವಯಸ್ಸೂ ಮುಖ್ಯ. ಬ್ರಿಟನ್ನಿನ ರೋಗಿಗಳ ದಾಖಲೆ ಆಧರಿಸಿದ 2017ರ ಇನ್ನೊಂದು ಅಧ್ಯಯನದ ಪ್ರಕಾರ, ಎಪ್ಪತ್ತು ದಾಟಿದ ಮೇಲೆ ಮಂಡಿ ಮಾಡಿಸಿಕೊಂಡವರಿಗೆ ಉಳಿದ ಆಯುಷ್ಯದಲ್ಲಿ ರಿವಿಷನ್ ಬೇಕಾಗುವ ಸಂಭವ ಸುಮಾರು ಶೇ. 5. ಐವತ್ತರ ಆಸುಪಾಸಿನ ಗಂಡಸರಲ್ಲಿ ಅದು ಶೇ. 35ರವರೆಗೂ ಏರುತ್ತದೆ. ಅವರ ಮುಂದೆ ಹೆಚ್ಚು ವರ್ಷಗಳಿವೆ, ಓಡಾಟವೂ ಜಾಸ್ತಿ. ನಿಮ್ಮ ತಾಯಿಯವರ ವಯಸ್ಸಿಗೆ ಡಾಕ್ಟರ ಮಾತು ಒಪ್ಪುವಂಥದ್ದೇ. ಇವೆಲ್ಲ ಹಿಂದಿನ ಕಾಲದ ಮಾದರಿಗಳ ಲೆಕ್ಕ, ಬೇರೆ ಜನರ ಮೈಕಟ್ಟು ಮತ್ತು ಬೇರೆ ಜೀವನಕ್ರಮದ ಲೆಕ್ಕ ಎಂಬುದನ್ನು ಮಾತ್ರ ನೆನಪಿಡಬೇಕು.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ, ಏಕೆಂದರೆ ಬಹುಪಾಲು ಜನ ಇಲ್ಲಿ ಎಡವುವುದು ಸಹಜ. 'ರಿವಿಷನ್ ಆಗಿಲ್ಲ' ಎಂದರೆ 'ರೋಗಿ ಸುಖವಾಗಿದ್ದಾರೆ' ಎಂದಲ್ಲ. ನೋವಿದ್ದೂ ಇನ್ನೊಂದು ಆಪರೇಷನ್ನಿಗೆ ಮೈಯಲ್ಲಿ ಶಕ್ತಿಯಿಲ್ಲದವರು, ಕೈಯಲ್ಲಿ ಕಾಸಿಲ್ಲದವರು ಲೆಕ್ಕದಲ್ಲಿ 'ಉಳಿದ ಕೀಲು'ಗಳಾಗಿಯೇ ಸೇರುತ್ತಾರೆ. ಇದರ ತಿರುಗುಮುರುಗೂ ಉಂಟು: ಮಂಡಿಯ ಒಂದು ಪಕ್ಕವನ್ನಷ್ಟೇ ಬದಲಾಯಿಸುವ ಅರ್ಧ ಮಂಡಿಯ ಆಪರೇಷನ್ನಿನಲ್ಲಿ ರಿವಿಷನ್ ಪ್ರಮಾಣ ಹೆಚ್ಚು ಕಾಣುತ್ತದೆ. ಅದಕ್ಕೆ ಒಂದು ಕಾರಣ, ಅದನ್ನು ಪೂರ್ತಿ ಮಂಡಿಯಾಗಿ ಬದಲಾಯಿಸುವುದು ಸುಲಭ. ನೋವು ಎಂದ ಕೂಡಲೇ ಸರ್ಜನ್ ಒಪ್ಪುತ್ತಾರೆ.

ಆದ್ದರಿಂದ ಒಳ್ಳೆಯ ರಿಜಿಸ್ಟ್ರಿಗಳು ರೋಗಿಗಳನ್ನೇ ನೇರವಾಗಿ ಕೇಳುತ್ತವೆ. 1981ರಿಂದ 1995ರವರೆಗೆ ಮಂಡಿ ಮಾಡಿಸಿಕೊಂಡವರಿಗೆ ಸ್ವೀಡನ್ನಿನವರು ಅಂಚೆಯಲ್ಲಿ ಪ್ರಶ್ನೆ ಕಳಿಸಿದಾಗ ಶೇ. 8ರಷ್ಟು ಮಂದಿ ತೃಪ್ತಿಯಿಲ್ಲ ಎಂದು ಬರೆದರು. ಇಂಗ್ಲೆಂಡಿನಲ್ಲಿ 2009ರಿಂದ ಆಪರೇಷನ್ನಿಗೆ ಮೊದಲೂ ಆರು ತಿಂಗಳ ನಂತರವೂ 'ಆಕ್ಸ್‌ಫರ್ಡ್ ಸ್ಕೋರ್' ಎಂಬ ಹನ್ನೆರಡು ಪ್ರಶ್ನೆಗಳ ಪಟ್ಟಿ ತುಂಬಿಸಿಕೊಳ್ಳುತ್ತಾರೆ. ಮೆಟ್ಟಿಲು ಇಳಿಯಬಲ್ಲಿರಾ, ಕಾರು ಹತ್ತಿ ಇಳಿಯಬಲ್ಲಿರಾ, ಮನೆಯ ಸಾಮಾನು ಒಬ್ಬರೇ ತರಬಲ್ಲಿರಾ, ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೇ — ಇಂಥವು. ಒಳ್ಳೆಯ ಪಟ್ಟಿಯೇ. ಆದರೆ ಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತದೆಯೇ, ನೆಂಟರ ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಏನು ಮಾಡುತ್ತೀರಿ ಎಂದು ಅದು ಕೇಳುವುದಿಲ್ಲ. ನಮ್ಮ ರಿಜಿಸ್ಟ್ರಿ ನಮ್ಮ ಪ್ರಶ್ನೆಗಳನ್ನು ಕೇಳುವಂತಾಗಲಿ ಎಂದು ನನ್ನ ಆಸೆ.

ನೀವು ಕೇಳದಿದ್ದರೂ ಒಂದೆರಡು ಕೆಲಸ ಹೇಳುತ್ತೇನೆ, ಈ ವಾರವೇ ಮಾಡಬಹುದಾದವು. ತಾಯಿಯವರ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಂಪ್ಲಾಂಟಿನ ಹೆಸರು, ಮಾದರಿ ಸಂಖ್ಯೆ, ಲಾಟ್ ಸಂಖ್ಯೆ ಇವೆಯೇ ನೋಡಿ. ಇಲ್ಲವಾದರೆ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಹೋಗಿ ಸ್ಟಿಕ್ಕರ್ ಅಂಟಿಸಿದ ಪುಟದ ನಕಲು ಕೇಳಿ. ಅದು ನಿಮ್ಮ ಹಕ್ಕಿನದೇ, ಸಂಕೋಚ ಬೇಡ. ಹೆಚ್ಚು ವರ್ಷ ಕಳೆದರೆ ಹಳೆಯ ಫೈಲು ಸಿಗುವ ಭರವಸೆಯಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ. ಯಾವುದು ಎಡಗಾಲಿನದು, ಯಾವುದು ಬಲಗಾಲಿನದು ಎಂದು ಬರೆಯಿರಿ. ನೋವಿಲ್ಲದಿದ್ದರೂ ಡಾಕ್ಟರು ಹೇಳಿದ ಅವಧಿಗೆ ಎಕ್ಸ್‌ರೇ ಮಾಡಿಸಿ. ಕೀಲು ಸಡಿಲವಾಗುವುದು ಕೆಲವರಲ್ಲಿ ನೋವು ಶುರುವಾಗುವುದಕ್ಕೆ ಮೊದಲೇ ಎಕ್ಸ್‌ರೇಯಲ್ಲಿ ಕಾಣುತ್ತದೆ. ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೂ ಒಯ್ಯಿರಿ, ಹೋಲಿಸಿ ನೋಡಲು ಡಾಕ್ಟರಿಗೆ ಅವು ಬೇಕಾಗುತ್ತವೆ.